ಬಂಗುಡೆಯ ಕಣ್ಣು, ನನ್ನ ಕಣ್ಣು

ಮಕ್ಕಳೇ, ಮೀನಿನ ಕಣ್ಣು ನೋಡಿ ಅದರ ಜಾತಕ ಹೇಳುವುದರಲ್ಲಿ ಕಾಪು ಪೇಟೆಯಲ್ಲಿ ನನಗೆ ಸರಿಸಾಟಿ ಇಲ್ಲ ಎಂದು ನಾನು ನಂಬಿದ್ದೆ. ಕಣ್ಣು ಉಬ್ಬಿ ಹೊಳೆಯುತ್ತಿದ್ದರೆ ಇವತ್ತಿನ ಮೀನು. ಮಂಜಾಗಿದ್ದರೆ ಮೊನ್ನೆಯದು. ಈ ವಿದ್ಯೆಯ ಬಲದಿಂದಲೇ ಮನೆಯ ಮೀನಿನ ಚೀಲ ಇಷ್ಟು ವರ್ಷ ನನ್ನ ಕೈಯಲ್ಲಿತ್ತು. ನಿಮ್ಮ ಅಜ್ಜ ಹೋದ ಮೇಲೆ ಕಪಾಟಿನ ಬೀಗದ ಕೈ ನಿಮ್ಮ ಅಮ್ಮನಿಗೆ ಕೊಟ್ಟೆ, ಟಿ.ವಿ. ರಿಮೋಟನ್ನು ನೀವೇ ತೆಗೆದುಕೊಂಡಿರಿ. ಚೀಲವನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ.

ಹೀಗಿರಲು ಒಂದು ದಿನ ನಾನು ತಂದ ಬಂಗುಡೆಯನ್ನು ನಮ್ಮ ಬೆಕ್ಕು ಮೂಸಿ ನೋಡಿತು. ಆಮೇಲೆ ನನ್ನ ಮುಖ ನೋಡಿತು. ಎದ್ದು ಹೋಯಿತು.

"ಮಾಮಿ, ನಿಮ್ಮ ಕಣ್ಣು ಒಮ್ಮೆ ಡಾಕ್ಟರಿಗೆ ತೋರಿಸುವ," ಎಂದಳು ನನ್ನ ಸೊಸೆ, ಅಂದರೆ ನಿಮ್ಮ ಅಮ್ಮ. "ಕಣ್ಣಿಗೆ ಎಂತಾದ್ರೂ ಆಗಿದ್ರೆ ಇನ್ನು ಮೀನಿಗೆ ನಾನೇ ಹೋಗ್ತೇನೆ."

ಕಣ್ಣು ಹೋದರೆ ಹೋಗಲಿ, ಚೀಲ ಹೋಗುತ್ತದಲ್ಲ ಎಂದು ನನಗೆ ಚಿಂತೆ ಹತ್ತಿತು.

ಉಡುಪಿಯ ಡಾಕ್ಟರಲ್ಲಿ ಕಣ್ಣಿನ ಒಳಗಿನ ಫೋಟೋ ತೆಗೆಯುತ್ತಾರೆ ಎಂದು ಗೊತ್ತಾದದ್ದೇ ತಡ, ಪಕ್ಕದ ಮನೆಯ ಗುಲಾಬಿಯಕ್ಕ ಬಂದರು. ಅವರು ಇದುವರೆಗೆ ಯಾವ ಕಣ್ಣಿನ ಡಾಕ್ಟರ ಮುಖವನ್ನೂ ನೋಡಿದವರಲ್ಲ. ಆದ್ದರಿಂದ ಅವರಿಗೆ ಕಣ್ಣಿನ ಬಗ್ಗೆ ಎಲ್ಲವೂ ಗೊತ್ತು.

"ಫೋಟೋಕ್ಕೆ ಹಾಗೇ ಹೋಗುವುದಾ ಮಾರಾಯ್ರೆ? ಹರಳೆಣ್ಣೆ ಹಚ್ಚಿ. ನೆತ್ತಿಗೆ, ಹಣೆಗೆ, ರೆಪ್ಪೆಗೆ. ಕಣ್ಣು ತಂಪಾದ್ರೆ ಫೋಟೋದಲ್ಲಿ ಹೊಳೀತದೆ."

ಆಧಾರ್ ಕಾರ್ಡಿನದನ್ನು ಬಿಟ್ಟರೆ ನಾನು ಕೂತು ತೆಗೆಸಿಕೊಂಡ ಫೋಟೋ ಒಂದೇ. ಮದುವೆಯಾದ ಹೊಸತರಲ್ಲಿ, ಕಾರ್ಕಳದ ಸ್ಟುಡಿಯೋದಲ್ಲಿ, ನಿಮ್ಮ ಅಜ್ಜನ ಪಕ್ಕದಲ್ಲಿ. ಅದರಲ್ಲಿ ನಾಚಿಕೆಯಿಂದ ಕಣ್ಣು ಮುಚ್ಚಿದ್ದೇನೆ. ಎರಡನೆಯ ಅವಕಾಶ ಹಾಳಾಗಬಾರದೆಂದು ಎಣ್ಣೆಯನ್ನು ಧಾರಾಳವಾಗಿ ಹಚ್ಚಿದೆ. ರೇಷ್ಮೆ ಸೀರೆಯನ್ನೂ ಉಟ್ಟೆ. ಕಣ್ಣಿನ ಒಳಗಿನ ಫೋಟೋದಲ್ಲಿ ಸೀರೆ ಕಾಣುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಅಲ್ಲಿ ಮೊದಲು ಅಕ್ಷರ ಓದಿಸಿ, ಪಾಪೆ ಅರಳಲಿಕ್ಕೆಂದು ಕಣ್ಣಿಗೆ ಮದ್ದು ಬಿಟ್ಟರು. ಆಮೇಲೆ ಫೋಟೋ ತೆಗೆಯುವ ಹುಡುಗಿ ಯಂತ್ರದ ಎದುರು ಕೂರಿಸಿ, ಗಲ್ಲ ಊರಿ ಹಣೆಯನ್ನು ಪಟ್ಟಿಗೆ ಒತ್ತಲು ಹೇಳಿದಳು. ಒತ್ತಿದೆ. ಹಣೆ ಜಾರಿತು. ಮತ್ತೆ ಒತ್ತಿದೆ. ಈ ಸಲ ಹಣೆಯೊಂದಿಗೆ ನಾನೂ ಜಾರಿ ಯಂತ್ರದ ಗಾಜಿಗೇ ಮುಖ ಒರೆಸಿದೆ.

"ಅಮ್ಮ, ಅಲ್ಲಾಡ್ಬೇಡಿ."

"ನಾನಲ್ಲ ಮಗಳೇ, ಹಣೆ."

ಎಣ್ಣೆಯ ವಿಷಯ ಹೇಳಲು ನಾಚಿಕೆ. ಅಂತೂ ಫೋಟೋ ಆಯಿತು. ಡಾಕ್ಟರ ಪರದೆಯ ಮೇಲೆ ಕೇಸರಿ ಬಣ್ಣದ ಚಂದ್ರನಂತೆ ನನ್ನ ಕಣ್ಣು ಮೂಡಿತು. ಅದರ ತುಂಬ ಕಲೆಗಳು.

"ಇದೆಂತ, ಇಷ್ಟು ಕಲೆ?" ಎಂದರು ಡಾಕ್ಟರು. ನಿಮ್ಮ ಅಮ್ಮ ನನ್ನ ಕೈ ಹಿಡಿದುಕೊಂಡಳು. ಹುಡುಗಿ ಯಂತ್ರದ ಗಾಜನ್ನು ಒರೆಸಿ, ಒರೆಸಿದ ಕಾಗದವನ್ನು ಮೂಸಿದಳು.

"ಡಾಕ್ಟ್ರೇ, ಹರಳೆಣ್ಣೆ."

ನನಗಾದ ಸಂತೋಷ ಹೇಳತೀರದು. ಕಲೆಯೆಲ್ಲ ಎಣ್ಣೆಯದು, ಚೀಲ ನನ್ನದು! ಸಾಬೂನು ಹಾಕಿ ನನ್ನ ಮುಖ ತೊಳೆಸಿ ಮತ್ತೆ ಫೋಟೋ ತೆಗೆದರು. ದೊಡ್ಡ ಕಲೆಗಳು ಮಾಯವಾಗಿದ್ದವು. ಆದರೆ ನಡುವಿನಲ್ಲಿ ರವೆ ಚೆಲ್ಲಿದಂತೆ ಸಣ್ಣ ಹಳದಿ ಚುಕ್ಕಿಗಳು ಹಾಗೆಯೇ ಉಳಿದಿದ್ದವು. ಸಾಬೂನಿಗೆ ಹೋಗುವ ಜಾತಿಯವಲ್ಲ.

"ವಯಸ್ಸಾದ ಹಾಗೆ ಕಣ್ಣಿನ ಪರದೆಯ ಅಡಿಯಲ್ಲಿ ಹೀಗೆ ಕಸ ಉಳೀತದೆ," ಎಂದರು ಡಾಕ್ಟರು. "ಇದು ಸುರುವಿನ ಹಂತ. ಹೆದರ್ಲಿಕ್ಕೆ ಇಲ್ಲ, ಉದಾಸೀನ ಮಾಡ್ಲಿಕ್ಕೂ ಇಲ್ಲ. ಆಗಾಗ ಫೋಟೋ ತೆಗೆದು ಹೆಚ್ಚಾಗಿದೆಯಾ ನೋಡುವ. ಮನೆಯಲ್ಲಿ ಈ ಗೆರೆಯ ಹಾಳೆಯನ್ನು ಒಂದೊಂದೇ ಕಣ್ಣಿನಿಂದ ನೋಡಿ. ಗೆರೆ ಡೊಂಕಾಗಿ ಕಂಡ್ರೆ ಕೂಡಲೇ ಬನ್ನಿ."

ಅಂಗಳದಲ್ಲಿ ಒಂದು ಹಲಸಿನ ಎಲೆ ಬಿದ್ದಿರಲು ಬಿಡದ ನನ್ನ ಕಣ್ಣೊಳಗೆ ಕಸವಂತೆ.

"ಇದ್ರಿಂದ ಮೀನು ಆರಿಸ್ಲಿಕ್ಕೆ ತೊಂದರೆ ಆಗ್ತದಾ?" ಎಂದು ನಿಮ್ಮ ಅಮ್ಮ ನೇರವಾಗಿ ವಿಷಯಕ್ಕೆ ಬಂದಳು.

"ಛೆ, ದೃಷ್ಟಿ ಚೆನ್ನಾಗಿ ಉಂಟು. ಸಣ್ಣ ಅಕ್ಷರವನ್ನೂ ಓದಿದ್ದಾರೆ."

ನಾನು ಗೆದ್ದವಳಂತೆ ಸೆರಗು ಸರಿಮಾಡಿಕೊಂಡೆ.

"ಮತ್ತೆ ಆ ಬಂಗುಡೆ?"

ಬಂಗುಡೆಯ ಫೋಟೋ ಡಾಕ್ಟರ ಹತ್ತಿರ ಇರಲಿಲ್ಲ.

ಮದ್ದಿನ ಮಂಜು ಇಳಿಯಲು ಕೆಲವು ಗಂಟೆ ಬೇಕು ಎಂದು ಹುಡುಗಿ ಹೇಳಿದ್ದಳು. ಗೆದ್ದವರು ಇಂಥದ್ದನ್ನೆಲ್ಲ ಕೇಳಿಸಿಕೊಳ್ಳುವುದಿಲ್ಲ. ಉಡುಪಿಗೂ ಬಿಡದೆ ಒಯ್ದಿದ್ದ ಚೀಲ ಹಿಡಿದು ಕಾಪುವಿನಲ್ಲಿ ಬಸ್ಸು ಇಳಿದವಳೇ, ಮಾನ ಮರಳಿ ಪಡೆಯಲು ನೇರ ಲೀಲಕ್ಕನ ಮೀನಿನ ಬುಟ್ಟಿಯ ಎದುರು ನಿಂತೆ. ಒಂದು ಬಂಗುಡೆಯನ್ನು ಮೂಗಿನವರೆಗೆ ಎತ್ತಿದೆ. ಕಣ್ಣು ಮಂಜು. ಇನ್ನೊಂದನ್ನು ಎತ್ತಿದೆ. ಅದೂ ಮಂಜು. ಇಡೀ ಬುಟ್ಟಿಯೇ ಮಂಜು.

ಜನ್ಮದಲ್ಲಿ ಯಾರೊಂದಿಗೂ ಚೌಕಾಶಿ ಮಾಡದ ನಾನು ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಹೇಳಿದೆ: "ಲೀಲಕ್ಕ, ಇದರಲ್ಲಿ ಒಂದಾದ್ರೂ ತಾಜಾ ಉಂಟಾ? ಎಲ್ಲ ಮೊನ್ನೆಯದ್ದು."

ಲೀಲಕ್ಕ ಮೀನಿನ ಕೈಯಲ್ಲೇ ನನ್ನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಡಾಕ್ಟರಿಗಿಂತ ಹೆಚ್ಚು ಹೊತ್ತು ನೋಡಿದರು.

"ನನ್ನ ಮೀನು ಇವತ್ತು ಬೆಳಿಗ್ಗೆ ಬಂದದ್ದು ಅಮ್ಮ. ಮೊನ್ನೆಯದ್ದು ನಿಮ್ಮ ಕಣ್ಣು."

ಮಾರ್ಕೆಟ್ಟು ನಕ್ಕಿತು. ನಿಮ್ಮ ಅಮ್ಮ ನಗಲಿಲ್ಲ, ಸುಮ್ಮನೆ ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

ಕಣ್ಣಿನ ಮೇಲೆ ತಪ್ಪು ಹಾಕೋಣವೆಂದರೆ, ದೃಷ್ಟಿ ಚೆನ್ನಾಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಈಗ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ, ಫ್ರಿಜ್ಜಿಗೆ ಅಂಟಿಸಿದ ಹಾಳೆಯ ಎದುರು ನಿಲ್ಲುವುದೇ ನನ್ನ ಉದ್ಯೋಗ. ದೇವರ ದಯೆ, ಗೆರೆಗಳೆಲ್ಲ ನೆಟ್ಟಗಿವೆ. ನಿಮ್ಮ ಅಮ್ಮ ಚೀಲ ಹಿಡಿದು ಬರುವಾಗ ಬೆಕ್ಕು ಬಾಲ ಎತ್ತಿ ಗೇಟಿನವರೆಗೂ ಓಡುತ್ತದೆ. ಅದೂ ನನಗೆ ಸ್ಪಷ್ಟವಾಗಿ ಕಾಣುತ್ತದೆ.