ಲೈಸೆನ್ಸಿಗೆ ಮೀರಿದ ಮುಖ

ಎಲ್ಡನ್ ಪ್ರಾಟ್‌ನ ಗ್ರಹಚಾರಕ್ಕೆಲ್ಲ ಅವನ ಮುಖವೇ ಕಾರಣ. ಅವನು ಊರಿನ ಆಸ್ಪತ್ರೆಯಲ್ಲಿ ರೇಡಿಯಾಲಜಿ ಡಾಕ್ಟರರ ಸಹಾಯಕ. ಎಕ್ಸ್‌ರೇ ಪರದೆಯಲ್ಲಿ ಕಂಡದ್ದನ್ನು ಡಾಕ್ಟರಿಗೆ ಮಾತ್ರ ಹೇಳಬಹುದು. ರೋಗಿಗೆ ಒಂದಕ್ಷರ ಹೇಳಿದರೂ ಲೈಸೆನ್ಸ್ ಹೋಯಿತೆಂದೇ ಲೆಕ್ಕ. ನಲವತ್ತು ದಾಟಿದ ಮೇಲೆ ಓದಿ, ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಗಿಟ್ಟಿಸಿದ ಲೈಸೆನ್ಸ್ ಅದು. ಅದಕ್ಕೇ ಕೆಲಸದ ಹೊತ್ತಿನಲ್ಲಿ ಪಾಪ, ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡಿರುತ್ತಿದ್ದ.

ಬುಧವಾರ ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಲವೋನ್ ಕ್ರೆಬ್ಸ್ ನುಂಗುವ ಪರೀಕ್ಷೆಗೆ ಬಂದಳು. ಎಕ್ಸ್‌ರೇಯಲ್ಲಿ ಗಂಟಲು ಕಾಣಲೆಂದು ಕೊಡುವ, ಸುಣ್ಣದ ನೀರಿನಂಥ ಬೇರಿಯಂ ಕುಡಿದು ಬಾಯಿ ಒರೆಸಿಕೊಂಡಳು.

"ಏನ್ ಕಾಣಿಸ್ತೋ, ಎಲ್ಡನ್?"

"ಡಾಕ್ಟರ್ ನೋವಾಕ್ ಹೇಳ್ತಾರೆ, ಮಿಸೆಸ್ ಕ್ರೆಬ್ಸ್."

"ನಿನ್ನ ಮೂಗು ಒರೆಸಿದ ಕೈ ಕಣೋ ಇದು. ನನ್ ಹತ್ರಾನೂ ಮುಚ್ಚಿಡ್ತೀಯಾ?"

"ನಾನು ಹೇಳೋ ಹಾಗಿಲ್ಲ."

ಲವೋನ್ ಅವನ ಮುಖವನ್ನೇ ದಿಟ್ಟಿಸಿದಳು. "ಅಷ್ಟು ಕೆಟ್ಟೋಗಿದೆಯಾ," ಎಂದು ಕೋಟು ಹಾಕಿಕೊಂಡು ಹೊರಟೇಬಿಟ್ಟಳು.

ಪರದೆಯಲ್ಲಿ ಏನೂ ಇರಲಿಲ್ಲ. ಆದರೆ "ಏನೂ ಇಲ್ಲ" ಅನ್ನುವುದೂ ರೋಗನಿರ್ಣಯವೇ ತಾನೆ? ಎಲ್ಡನ್ ನೋವಾಕರ ಬಳಿ ಓಡಿದ. ಅವರ ಮುಂದೆ ಓದಬೇಕಾದ ಎಕ್ಸ್‌ರೇಗಳ ರಾಶಿಯೇ ಇತ್ತು. "ಸರದಿ ಬಂದಾಗ ನೋಡ್ತೀನಿ," ಎಂದರು.

ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ. ಲವೋನ್ ಮನೆ ಬಾಗಿಲಿಗೆ ನೆರೆಹೊರೆಯವರು ಬೇಯಿಸಿ ತಂದ ಒಂಬತ್ತು ಪಾತ್ರೆ ಕ್ಯಾಸರೋಲ್ ಅಡುಗೆ ಬಂದು ಕೂತವು. ಯಾರಾದರೂ ಸಾಯುವ ಹಾಗಿದ್ದರೆ ಆ ಊರಲ್ಲಿ ಪಾದ್ರಿಗಿಂತ ಮೊದಲು ಬರುವುದು ಅವೇ.

ಎಲ್ಡನ್‌ನ ಹೆಂಡತಿ ಡಾರ್ಲಾ ಫೋನ್ ಮಾಡಿದಳು. "ಮುದುಕಿ ನಾಯೀನ ದಾನ ಕೊಡ್ತಿದ್ದಾಳೆ. ಒಂದ್ ಮಾತು ಹೇಳ್ಬಾರ್ದಾ?"

"ಲೈಸೆನ್ಸ್ ಹೋಗುತ್ತೆ ಡಾರ್ಲಾ."

"ನೀನು ಮನುಷ್ಯಾನಾ, ಫೈಲಾ?"

ಎಲ್ಡನ್‌ಗೆ ಅಳು ಬಂತು. ಆದರೂ ಬಾಯಿ ಬಿಡಲಿಲ್ಲ.

ಸಂಜೆ ಐದಕ್ಕೆ ನೋವಾಕ್ ಲವೋನ್‌ಗೆ ಫೋನ್ ಮಾಡಿ, ಗಂಟಲು ಚೆನ್ನಾಗಿದೆ, ಊಟ ಅಗಿದು ತಿನ್ನಿ ಎಂದರು. ಎಲ್ಡನ್ ಕೇಕು ಹಿಡಿದು ಅವಳ ಮನೆಗೆ ಹೋದ.

"ಬಂದ್ಯಾ!" ಎಂದಳು ಲವೋನ್. "ಸಾಯ್ತೀನಿ ಅಂತ ಚರ್ಚಿನಲ್ಲಿ ಎಲ್ಲರ ಮುಂದೆ ಪಾಪ ಒಪ್ಕೊಂಡೆ ಕಣೋ. ಇಪ್ಪತ್ತು ವರ್ಷ ಮನೇಲೇ ಬೇಯಿಸಿದ ಹಣ್ಣಿನ ಪೈ ಸ್ಪರ್ಧೇಲಿ ಗೆದ್ದಿದ್ದೆಲ್ಲ ಅಂಗಡೀಲಿ ಕೊಂಡ ಪೈ ಅಂತ! ಬಹುಮಾನದ ರಿಬ್ಬನ್‌ಗಳನ್ನೆಲ್ಲ ಕಿತ್ಕೊಂಡು ಹೋದ್ರು. ಇನ್ನು ಈ ಊರಲ್ಲಿ ನಾನು ಬದುಕಬೇಕಲ್ಲ!"

"ನಾನೇನೂ ಹೇಳಲಿಲ್ವಲ್ಲ, ಮಿಸೆಸ್ ಕ್ರೆಬ್ಸ್!"

"ಮುಖದಲ್ಲಿ ಹೇಳ್ದೆ. ಲೈಸೆನ್ಸ್ ಮಂಡಳಿಗೂ ಆಸ್ಪತ್ರೆಗೂ ದೂರು ಬರ್ದಾಯ್ತು," ಎಂದು ಬಾಗಿಲು ಹಾಕಿಕೊಂಡಳು.

ಎಲ್ಡನ್ ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ಆಸ್ಪತ್ರೆಯ ಮ್ಯಾನೇಜರ್ ಫೋನ್ ಬಂತು.

"ವಿಚಾರಣೆ ಮುಗಿಯೋವರೆಗೆ ಕೆಲಸಕ್ಕೆ ಬರಬೇಡ, ಎಲ್ಡನ್. ನಿನ್ನ ಮೇಲೆ ಎರಡು ಆರೋಪ ಇದೆ. ಅಧಿಕಾರ ಇಲ್ಲದೆ ರೋಗನಿರ್ಣಯ ಮಾಡಿದೆ ಅಂತ ಒಂದು."

"ಇನ್ನೊಂದು?"

"ಅದನ್ನೂ ತಪ್ಪಾಗಿ ಮಾಡಿದೆ ಅಂತ."