ತವರಕ್ಕೆ ಬಿದ್ದ ಸುಂಕ

ಇಮಾಂಸಾಬಿಗೂ ಗೋಕುಲಾಷ್ಟಮಿಗೂ ಎಲ್ಲಿಯ ಸಂಬಂಧ ಎಂದು ಗಾದೆ ಕಟ್ಟಿದವನು ಮಧುಗಿರಿಯ ನಮ್ಮ ಬೀದಿಯನ್ನು ನೋಡಿರಲಿಲ್ಲ. ನಮ್ಮಲ್ಲಿ ಅಷ್ಟಮಿ ಬರಬೇಕಾದರೆ ಮೊದಲು ಇಮಾಂಸಾಬಿ ಬರಬೇಕಿತ್ತು. ಪಾವಗಡದಿಂದ ಕೊರಟಗೆರೆಯವರೆಗೆ ಊರೂರು ಸುತ್ತಿ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಹಬ್ಬಕ್ಕೆ ಹತ್ತು ದಿನ ಮುಂಚೆ ಶಿರಾ ಬಸ್ಸಿನಿಂದ ತಿದಿ, ಇಕ್ಕಳ, ಇದ್ದಿಲಿನ ಚೀಲ ಇಳಿಸಿಕೊಂಡು, ಬೀದಿಯ ಕೊನೆಯ ಹೊಂಗೆಮರದ ಕೆಳಗೆ ಗುಂಡಿ ತೋಡಿ ಕೂತನೆಂದರೆ ಮನೆಮನೆಯ ಹಿತ್ತಾಳೆ ಪಾತ್ರೆಗಳು ಮೆರವಣಿಗೆ ಹೊರಡುತ್ತಿದ್ದವು. ಅವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ಒಮ್ಮೆ ತಾಗಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಒಳಗೆಲ್ಲ ಬೆಳ್ಳಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು. ಕಿಲುಬು ಹೊಟ್ಟೆಗೆ ಹೋದರೆ ವಿಷ. ಹಾಗಾಗಿ ಇಡೀ ಬೀದಿಯ ಹೊಟ್ಟೆ ಅವನ ಕೈಯಲ್ಲಿತ್ತು. ಅಂಥವನ ಹೆಸರನ್ನು ಕೆಡಿಸಿದವನು ನಾನು. ಇಷ್ಟು ದಿನ ಇದನ್ನು ಮನೆಯ ಹೊರಗೆ ಯಾರಿಗೂ ನಾನಾಗಿ ಹೇಳದಿದ್ದುದಕ್ಕೆ ಕಾರಣ ನಾಚಿಕೆ. ಈಗ ಹೇಳುತ್ತಿರುವುದಕ್ಕೆ ಕಾರಣ ವಯಸ್ಸು. ವಯಸ್ಸಾದಂತೆ ನಾಚಿಕೆಯೂ ಹಲ್ಲಿನ ಹಾಗೆ ಒಂದೊಂದಾಗಿ ಅಲುಗಾಡತೊಡಗುತ್ತದೆ.

ಆಗ ನಾನು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಭೂಗೋಳ ಮತ್ತು ಸಮಾಜ ಪಾಠ. ಈ ಎರಡು ವಿಷಯ ಹೇಳಿಕೊಡುವವರಿಗೆ ಒಂದು ಕಾಯಿಲೆ ಇರುತ್ತದೆ: ಲೋಕದಲ್ಲಿ ನಡೆಯುವುದಕ್ಕೆಲ್ಲ ತಾವೇ ಜವಾಬುದಾರರು ಎಂಬಂತೆ ವಿವರಣೆ ಕೊಡುವುದು. ನನ್ನ ಹೆಂಡತಿ ರುಕ್ಮಿಣಿಯ ತವರು ಕೊಳಾಲ. ಮನೆಯಲ್ಲಿದ್ದ ಹಿತ್ತಾಳೆ ಪಾತ್ರೆಗಳೆಲ್ಲ ಅಲ್ಲಿಂದಲೇ ಬಂದವು. 'ಪಾತ್ರೆ ತವರಿನದು, ಅದಕ್ಕೆ ಹಾಕಿಸುವ ತವರದ ಖರ್ಚು ಮಾತ್ರ ಗಂಡನದು' ಎಂದು ಮದುವೆಯಾದ ವರ್ಷ ಒಂದು ಹಾಸ್ಯ ಮಾಡಿದ್ದೆ. ಆಮೇಲೂ ಪ್ರತಿ ಅಷ್ಟಮಿಗೆ ಅದನ್ನೇ ಮಾಡುತ್ತಿದ್ದೆ. ಅವಳು ಮೊದಲ ವರ್ಷ ನಕ್ಕಿದ್ದಳು.

ನಯಾಪೈಸೆ ಬಂದ ಹೊಸತು. ಆ ಸಲ ಇಮಾಂಸಾಬಿ ಕೂಲಿ ಏರಿಸಿದ. ಯಾಕೆ ಎಂದು ಕೇಳಿದ್ದಕ್ಕೆ, "ತವರ ಸಿಕ್ತಿಲ್ಲ ಸ್ವಾಮಿ. ಬೆಂಗ್ಳೂರು ಪ್ಯಾಟೇಲಿ ಕೇಳುದ್ರೆ, ಸಮುದ್ರದಾಚೆಯಿಂದ ಬರಾದನ್ನ ತಡೆದವ್ರೆ, ಬಂದಿದ್ದಕ್ಕೂ ಸುಂಕ ಜಾಸ್ತಿ ಅಂತಾರೆ. ಚಿನ್ನ ಆಗ್ಬುಟ್ಟೈತೆ" ಎಂದ. ನನಗೆ ಉತ್ಸಾಹ ಉಕ್ಕಿತು. ಹೊಂಗೆಮರದ ಕೆಳಗೇ ಪಾಠ ಶುರುಮಾಡಿದೆ. ಹೊರದೇಶದ ಮಾಲಿಗೆ ಸುಂಕ ಹಾಕುವುದು ಒಳ್ಳೆಯದು, ನಮ್ಮ ಹಣ ನಮ್ಮಲ್ಲೇ ಉಳಿಯುತ್ತದೆ, ನಮ್ಮವರೇ ಅದನ್ನು ತಯಾರಿಸುತ್ತಾರೆ, ಅವರು ನಮ್ಮ ಮಾಲು ತಡೆದರೆ ನಾವು ಅವರದನ್ನು ತಡೆಯಬೇಕು, ಇತ್ಯಾದಿ. ಅವನು ತಿದಿ ಒತ್ತುವುದನ್ನು ನಿಲ್ಲಿಸಿ ಮರ್ಯಾದೆಯಿಂದ ಕೇಳಿದ.

"ಒಳ್ಳೇದಾಗ್ಲಿ ಬುಡಿ ಸ್ವಾಮಿ. ನಮ್ ದೇಸದಾಗೆ ತವರ ಎಲ್ಲಿ ಅಗೀತಾರೆ?"

ನಾನು ಮನೆಗೆ ಹೋಗಿ ಅಟ್ಲಾಸು ತೆಗೆದು ನೋಡಿದೆ. ಕಬ್ಬಿಣಕ್ಕೊಂದು ಚುಕ್ಕೆ, ಚಿನ್ನಕ್ಕೊಂದು ಚುಕ್ಕೆ, ಕಲ್ಲಿದ್ದಲಿಗೆ ಕಪ್ಪು ಮಸಿ. ತವರಕ್ಕೆ ಎಲ್ಲೂ ಏನೂ ಇರಲಿಲ್ಲ. ವಾಪಸು ಹೋಗಿ, "ಹುಡುಕ್ತಾ ಇದ್ದಾರೆ" ಎಂದೆ.

"ಸಿಗೋಗಂಟ ಪಾತ್ರೆಗೆ ಏನ್ ಹಾಕನ?" ಎಂದ ಅವನು. ಆ ಪ್ರಶ್ನೆ ಸಿಲಬಸ್ಸಿನಲ್ಲಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದೇ ಉಪನ್ಯಾಸವನ್ನು ರುಕ್ಮಿಣಿಯ ಮುಂದೆ ಮಾಡಿದೆ. ಅವಳು ಸಾರು ಬಡಿಸುತ್ತ, "ಪಕ್ಕದ ಮನೆಯವಳು ಹೆಪ್ಪಿಗೆ ಮಜ್ಜಿಗೆ ಕೊಡಲಿಲ್ಲ ಅಂತ ನಾನು ಅವಳಿಗೆ ಕರಿಬೇವು ಕೊಡದೆ ಇರಬಹುದು. ಇಲ್ಲಿ ಹಾಲು ಹೆಪ್ಪಾಗಲ್ಲ, ಅಲ್ಲಿ ಒಗ್ಗರಣೆ ಘಮ್ಮನ್ನಲ್ಲ. ಗೆದ್ದೋರು ಯಾರು ಹೇಳಿ?" ಎಂದಳು. ಹೆಂಗಸರಿಗೆ ಅರ್ಥಶಾಸ್ತ್ರ ತಿಳಿಯುವುದಿಲ್ಲ ಎಂದುಕೊಂಡು ನಾನು ಸಾರನ್ನು ಹೊಗಳಿ ಮಾತು ಮುಗಿಸಿದೆ.

ಮುಂದಿನ ಎರಡು ಮೂರು ವರ್ಷ ಇಮಾಂಸಾಬಿಯ ಕೂಲಿ ಏರುತ್ತಲೇ ಹೋಯಿತು, ಹೊಂಗೆಮರದ ಕೆಳಗಿನ ಪಾತ್ರೆಗಳು ಇಳಿಯುತ್ತಲೇ ಹೋದವು. ವರ್ಷಕ್ಕೆ ಎರಡು ಸಲ, ಅಷ್ಟಮಿಗೂ ಸಂಕ್ರಾಂತಿಗೂ, ಹಾಕಿಸುತ್ತಿದ್ದವರು ಒಂದು ಸಲ ಹಾಕಿಸಿದರು. ಒಂದು ಸಲ ಹಾಕಿಸುತ್ತಿದ್ದವರು ಅಲ್ಯೂಮಿನಿಯಂ ತಂದರು. ಅವನ ಅಂಗಿಯ ತೇಪೆಗಳೂ ಹೆಚ್ಚಿದವು. ಅದನ್ನೆಲ್ಲ ಕಣ್ಣಾರೆ ಕಂಡೂ ನಾನು ಕ್ಲಾಸಿನಲ್ಲಿ ಸುಂಕದ ಉಪಯೋಗಗಳನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದೆ.

ಒಂದು ವರ್ಷ ಅಷ್ಟಮಿಗೆ ಮುಂಚೆ ರುಕ್ಮಿಣಿ ತಂಗಿಯ ಬಾಣಂತನಕ್ಕೆಂದು ಕೊಳಾಲಕ್ಕೆ ಹೋದಳು. ಹೋಗುವಾಗ, "ಹಬ್ಬಕ್ಕೆ ಬೀದಿಯವರನ್ನೆಲ್ಲ ಊಟಕ್ಕೆ ಕರೆದಿದೀನಿ. ಇಮಾಂಸಾಬಿ ಬಂದಾಗ ದೊಡ್ಡ ತಪ್ಪಲೆಗೆ ಕಲಾಯಿ ಹಾಕಿಸಿ, ಮರೀಬೇಡಿ" ಎಂದಳು. ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತು. ಇಮಾಂಸಾಬಿ ಹೇಳಿದ ಕೂಲಿ ಕೇಳಿ ಚೌಕಾಸಿಗೆ ಇಳಿದೆ. ಅವನು, "ಇಷ್ಟಕ್ಕೆ ಕಮ್ಮಿ ಆದ್ರೆ ಸೀಸ ಬೆರೆಸ್ಬೇಕು ಸ್ವಾಮಿ. ನಮ್ಮಪ್ಪನ ಆಣೆ, ಅದು ನನ್ ಕೈಲಾಗಾಕಿಲ್ಲ" ಎಂದ. "ಹಾಗಾದರೆ ಬೇಡ" ಎಂದೆ. ಅವನು ಇದ್ದ ನಾಲ್ಕು ಮನೆಯ ಕೆಲಸ ಮುಗಿಸಿ ಹೊರಟುಹೋದ. ಎರಡು ದಿನ ಬಿಟ್ಟು ಸೈಕಲ್ಲಿನ ಮೇಲೆ ಯಾವನೋ ಬಂದ. ಯಾವ ಊರೋ, ಏನು ಹೆಸರೋ ಕೇಳಲಿಲ್ಲ. ಅರ್ಧ ರೇಟು ಎಂದಾಗ ಊರು ಕೇರಿ ಯಾರಿಗೆ ಬೇಕು? ಬೀದಿಗೆ ಕಾಣದ ಹಾಗೆ ನಮ್ಮ ಹಿತ್ತಲಲ್ಲೇ ಅವನು ಹಾಕಿದ ಕಲಾಯಿ ಇಮಾಂಸಾಬಿಯದಕ್ಕಿಂತ ಹೆಚ್ಚೇ ಹೊಳೆಯಿತು. ಹಿಂದಿರುಗಿದ ರುಕ್ಮಿಣಿ ತಪ್ಪಲೆ ನೋಡಿ, "ಇಮಾಂಸಾಬಿ ಬಂದಿದ್ದನಾ?" ಎಂದಳು. "ಬಂದಿದ್ದ" ಎಂದೆ. ನಿಜ ತಾನೇ, ಬಂದಿದ್ದ.

ಹಬ್ಬದ ದಿನ ಆ ತಪ್ಪಲೆಯಲ್ಲಿ ಮಜ್ಜಿಗೆಹುಳಿ. ಬೆಳಿಗ್ಗೆ ಮಾಡಿದ್ದು, ಕೃಷ್ಣ ಹುಟ್ಟುವವರೆಗೆ ಅದರಲ್ಲೇ ಇತ್ತು. ಊಟವಾದ ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಹಿತ್ತಲಿಗೆ ಓಡಿದರು. ಬೆಳಗಾಗುವ ಹೊತ್ತಿಗೆ ಇಡೀ ಬೀದಿ ವಾಂತಿ ಮಾಡಿಕೊಂಡು ಮಲಗಿತ್ತು. ಪಕ್ಕದ ಮನೆಯ ವೆಂಕಮ್ಮಜ್ಜಿಯನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಬದುಕುತ್ತಾರೋ ಇಲ್ಲವೋ ಎಂದು ಎಂಟು ದಿನ ಉಸಿರು ಹಿಡಿದಿದ್ದೆವು. ಬದುಕಿದರು, ಆದರೆ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ತಪ್ಪಲೆಯ ತಳದಲ್ಲಿ ಕಲಾಯಿ ಸುಲಿದು ಹಸಿರು ಕಿಲುಬು ಕಂಡಿತು.

"ಆ ಇಮಾಂಸಾಬಿ ಸೀಸ ಬೆರೆಸಿ ಕೊಂದ್ಬುಡ್ತಿದ್ದ ಕಣಮ್ಮ!" ಎಂದು ವೆಂಕಮ್ಮಜ್ಜಿಯ ಸೊಸೆ ಬಾಗಿಲಲ್ಲಿ ನಿಂತು ಕೂಗಿದಳು. ಬೀದಿಯೆಲ್ಲ ಅದನ್ನೇ ಹೇಳಿತು. ನಿಜ ಹೇಳಿಬಿಡೋಣವೆಂದು ನಾನು ಎರಡು ಸಲ ಬಾಯಿ ತೆರೆದೆ. ಒಂದು ಸಲ ಆಕಳಿಕೆ ಬಂತು, ಇನ್ನೊಂದು ಸಲ ಡಾಕ್ಟರು ಬಂದರು.

ಸಂಕ್ರಾಂತಿಯ ಹೊತ್ತಿಗೆ ಇಮಾಂಸಾಬಿ ಎಂದಿನಂತೆ ಬಂದು ಗುಂಡಿ ತೋಡಿದ. ಒಂದು ಪಾತ್ರೆಯೂ ಹೊರಗೆ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಕೊನೆಗೆ ನಮ್ಮ ಬಾಗಿಲಿಗೆ ಬಂದ. "ಏನಾಯ್ತು ಸ್ವಾಮಿ? ಎಲ್ಲಾರೂ ನನ್ ನೋಡಿ ಬಾಗ್ಲು ಹಾಕ್ಕಂತವ್ರೆ?" ನಾನು ಉತ್ತರ ಹುಡುಕುವಷ್ಟರಲ್ಲಿ ರುಕ್ಮಿಣಿ ಒಳಗಿನಿಂದ ತಪ್ಪಲೆ ತಂದು ಅವನ ಮುಂದೆ ಇಟ್ಟಳು. "ನೋಡಪ್ಪ, ನೀನು ಹಾಕಿದ ಕಲಾಯಿ. ಅಜ್ಜಿ ಸಾಯೋದೊಂದು ಬಾಕಿ. ನಿನ್ನನ್ನ ಎಷ್ಟು ನಂಬಿದ್ದೆ" ಎಂದಳು.

ಇಮಾಂಸಾಬಿ ತಪ್ಪಲೆಯೊಳಗೆ ಕೈಹಾಕಿ ಹೆಬ್ಬೆರಳಿನಿಂದ ಉಜ್ಜಿದ. ಬೆರಳು ಕಪ್ಪಾಯಿತು. ಅದು ಸೀಸ ಎಂದು ಅವನಿಗೆ ತಿಳಿಯಿತು, ತನ್ನ ಕೈಯದಲ್ಲ ಎಂದೂ ತಿಳಿಯಿತು. ತಲೆಯೆತ್ತಿ ನನ್ನನ್ನು ನೋಡಿದ. ನಾನು ಹೆಂಡತಿಯ ಹಿಂದೆ ನಿಂತಿದ್ದೆ. ನನ್ನ ಮುಖದಲ್ಲಿ ಏನು ಕಂಡನೋ, ಆ ಮುಖ ನನಗೆ ಕಾಣಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

"ತಪ್ಪಾಯ್ತು ಕಣಮ್ಮ," ಎಂದ ಅವನು. "ತವರ ಸಾಲ್ದೇ ಬಂದಿತ್ತು."

ತಪ್ಪಲೆಯನ್ನು ಎತ್ತಿಕೊಂಡು ಹೋಗಿ, ಇದ್ದ ತವರವನ್ನೆಲ್ಲ ಹಾಕಿ ಹೊಸದಾಗಿ ಕಲಾಯಿ ಮಾಡಿದ. ಕೂಲಿ ಮುಟ್ಟಲಿಲ್ಲ. ನಾನು ಹೊಂಗೆಮರದವರೆಗೆ ಹೋಗಿ, ಅತ್ತಿತ್ತ ನೋಡಿ, "ಯಾಕಪ್ಪಾ ಹಾಗೆ ಹೇಳಿದೆ?" ಎಂದೆ. ಅವನು ತಿದಿಯನ್ನು ಮಡಿಸುತ್ತಿದ್ದ. "ನಾನು ಈ ಕಸುಬು ಬುಡ್ತಾ ಇದೀನಿ ಸ್ವಾಮಿ. ತವರ ಕೊಳ್ಳಾಕೆ ನನ್ ಕೈಲಿ ಆಗಾಕಿಲ್ಲ. ನೀವು ಈ ಬೀದೀಲೇ ಬಾಳ್ಬೇಕಲ್ಲ" ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೂದಿಯ ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ಸಮಮಾಡಿ, ಶಿರಾ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ.

ನಾಲ್ಕು ವರ್ಷ ಹಾಗೇ ಕಳೆಯಿತು. ಒಂದು ದಿನ ರುಕ್ಮಿಣಿ ಆ ತಪ್ಪಲೆ ತೊಳೆಯುತ್ತ, "ತಪ್ಪು ಮಾಡಿದರೂ ಎದುರಿಗೆ ನಿಂತು ಒಪ್ಪಿಕೊಂಡ, ದೊಡ್ಡ ಮನುಷ್ಯ. ನಿಮ್ಮಂಥ ಓದಿದೋರಾಗಿದ್ರೆ ಒಪ್ಕೋತಿದ್ರಾ?" ಎಂದಳು. ಸುಮ್ಮನೆ ಆಡಿದ ಮಾತು. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕೈ ಒರೆಸಿಕೊಂಡು, ಸೆರಗು ಹೊದ್ದು, ಬೀದಿಯ ಒಂದೊಂದೇ ಮನೆಗೆ ಹೋಗಿ, "ಇಮಾಂಸಾಬಿ ಮಾಡಿದ್ದಲ್ಲ, ನಮ್ಮನೆಯವರು ಮಾಡಿದ್ದು" ಎಂದು ಹೇಳಿ ಬಂದಳು. ಯಾರಿಗೂ ಸಿಟ್ಟು ಬರಲಿಲ್ಲ. ವೆಂಕಮ್ಮಜ್ಜಿ ಆಗಲೇ ತೀರಿಕೊಂಡಿದ್ದರು. ಎಲ್ಲರ ಮನೆಗೂ ಅಲ್ಯೂಮಿನಿಯಂ ಬಂದಿತ್ತು. "ಯಾವ ಇಮಾಂಸಾಬಿ?" ಎಂದು ಹೊಸದಾಗಿ ಬಂದ ಸೊಸೆಯೊಬ್ಬಳು ಕೇಳಿದಳಂತೆ. ಅದನ್ನು ಹೇಳುವಾಗ ರುಕ್ಮಿಣಿ ಅತ್ತಳು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಚಕ್ಕುಲಿ ಕಟ್ಟಿಕೊಟ್ಟು, "ಶಿರಾಕ್ಕೆ ಹೋಗಿ. ಅವನನ್ನ ಹುಡುಕಿ, ಕ್ಷಮೆ ಕೇಳಿ ಬನ್ನಿ" ಎಂದಳು.

ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸುತ್ತ ಹೋದೆ. ಅವನು ಸಂತೆಯಲ್ಲೇ ಸಿಕ್ಕಿದ. ಯಾವನೋ ಸಾಹುಕಾರನ ಅಂಗಡಿಯ ಮುಂದೆ ನಿಂತು, ಎರಡು ಕೈಯಲ್ಲೂ ಅಲ್ಯೂಮಿನಿಯಂ ಪಾತ್ರೆ ಹಿಡಿದು, "ಕಲಾಯಿ ಬೇಕಿಲ್ಲ, ಕಿಲುಬಿನ ಭಯ ಇಲ್ಲ! ಬರ್ರಮ್ಮ, ಬರ್ರಿ!" ಎಂದು ಕೂಗುತ್ತಿದ್ದ. ಗಂಟಲು ಒಡೆದಿತ್ತು. ನನ್ನನ್ನು ಕಂಡು ಪಾತ್ರೆ ಕೆಳಗಿಟ್ಟು ಸಲಾಮು ಮಾಡಿದ. "ಅಮ್ಮಾವ್ರು ಚೆಂದಾಗವ್ರಾ ಸ್ವಾಮಿ?" ಎಂದ. ಚಕ್ಕುಲಿ ಕೊಟ್ಟೆ. ಕಣ್ಣಿಗೊತ್ತಿಕೊಂಡು ಜೋಳಿಗೆಗೆ ಹಾಕಿಕೊಂಡ. ಸುತ್ತ ಜನ. ಒಳಗಿನಿಂದ ಸಾಹುಕಾರ ನೋಡುತ್ತಿದ್ದ. ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

"ಈ ಪಾತ್ರೆಗೆ ಎಷ್ಟಪ್ಪಾ?" ಎಂದೆ.

ಅವನು ಹೇಳಿದ. "ಸ್ವಲ್ಪ ನೋಡಿ ಹೇಳು" ಎಂದಿತು ನನ್ನ ನಾಲಗೆ, ನನ್ನನ್ನು ಕೇಳದೆ. ಇಮಾಂಸಾಬಿ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಸಾಹುಕಾರನ ಕಡೆ ತಿರುಗಿ, "ಇವ್ರು ನಮ್ಮೋರು ಸೇಠ್, ಕಮ್ಮಿ ಮಾಡಿ. ಬೇಕಾದ್ರೆ ನನ್ ಕೂಲೀಲಿ ಮುರ್ಕಳಿ" ಎಂದ.

ಸಂಜೆ ಪಾತ್ರೆ ಹಿಡಿದುಕೊಂಡು ಮನೆಗೆ ಬಂದಾಗ ರುಕ್ಮಿಣಿ ಬಾಗಿಲಲ್ಲೇ ನಿಂತಿದ್ದಳು.

"ಕೇಳಿದ್ರಾ?" ಎಂದಳು.

"ಕೇಳಿದೆ" ಎಂದೆ. ಸುಳ್ಳೇನಲ್ಲ. ರೇಟು ಕೇಳಿದ್ದೆ.