ಎಲ್ಲ ನಟ್ಟಿಗೂ ಒಂದೇ ಸಾಕೆಟ್ಟು

"ಅಕ್ಕಾ, ಇನ್ಮೇಲೆ ಈ ಗ್ಯಾರೇಜಲ್ಲಿ 'ಹದಿಮೂರು ಕೊಡು, ಹದಿನೇಳು ಕೊಡು' ಅನ್ನೋ ಕಿರುಚಾಟಾನೇ ಇರಲ್ಲ! ಎಲ್ಲ ನಟ್ಟಿಗೂ ಒಂದೇ ಸಾಕೆಟ್ಟು! ನೋಡಿಲ್ಲಿ!"

ಮೌನೇಶ ಅಂಗೈ ಚಾಚಿ ನಿಂತಿದ್ದ. ಹೆಸರಿಗಷ್ಟೇ ಮೌನೇಶ, ಅವನು ಬಾಯಿ ಮುಚ್ಚಿದ್ದನ್ನು ಹೆತ್ತ ತಾಯಿಯೂ ಕಂಡವಳಲ್ಲ. ಅಂಗೈ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕಪ್ಪು ಲೋಹದ ಗುಂಡು. ಒಂದು ಕಡೆ ನಟ್ಟು ಕಚ್ಚಿ ತಿರುಗಿಸುವ ಬಾಯಿ, ಸುತ್ತಲೂ ಆಯಸ್ಕಾಂತದ ಪುಟ್ಟ ಪುಟ್ಟ ಕಾಲು.

ದಾಕ್ಷಾಯಿಣಿ ವ್ಯಾನಿನ ಎಂಜಿನ್ನಿನಿಂದ ತಲೆ ಎತ್ತಲಿಲ್ಲ. ಅರಸೀಕೆರೆಯ ಹುಳಿಯಾರು ರಸ್ತೆಯಲ್ಲಿ ಅಪ್ಪ ಬ್ರಹ್ಮಾಚಾರ್ ಮೇಸ್ತ್ರಿ ಕಟ್ಟಿದ ಗ್ಯಾರೇಜು ಅದು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ತಮ್ಮ ಕಂಡುಹಿಡಿಯುತ್ತಿದ್ದ, ಅಕ್ಕ ರಿಪೇರಿ ಮಾಡುತ್ತಿದ್ದಳು. ಹೋದ ಸಲ ಅವನು ಮಾಡಿದ ಪಂಕ್ಚರ್ ಹುಡುಕುವ ಯಂತ್ರ, ಟೈರಿನಲ್ಲಿ ಪಂಕ್ಚರ್ ಸಿಗದಿದ್ದಾಗ ಸಿಟ್ಟು ಬಂದು ತಾನೇ ಒಂದು ಮಾಡಿಟ್ಟಿತ್ತು!

"ನಿನ್ನ ಗುಂಡು ಆಮೇಲೆ ನೋಡ್ತೀನಿ. ಮೊದ್ಲು ಅಪ್ಪನ ಪೆಟ್ಟಿಗೆ ತಾ" ಅಂದಳು ದಾಕ್ಷಾಯಿಣಿ.

ಬಾಗಿಲಲ್ಲಿ ಡ್ರೈವರ್ ತಮ್ಮಯ್ಯ ಚಡಪಡಿಸುತ್ತಿದ್ದ. ಅದು ಹೆಣ ಸಾಗಿಸುವ ವ್ಯಾನು. ಸುತ್ತಲ ಹಳ್ಳಿಗಳಿಗೆಲ್ಲ ಅದೊಂದೇ. ಆಸ್ಪತ್ರೆಯಲ್ಲಿ ತೀರಿಕೊಂಡ ಮುದುಕಿಯೊಬ್ಬಳನ್ನು ಸೂರ್ಯ ಮುಳುಗುವುದರೊಳಗೆ ಊರು ಸೇರಿಸಿ ಮಣ್ಣು ಮಾಡಬೇಕಿತ್ತು.

"ಅಜ್ಜಿ ಬೇಕಾದ್ರೆ ಕಾಯ್ತಾಳೆ, ಅಜ್ಜಿ ಮಕ್ಕಳು ಕಾಯಲ್ಲ ಕಣಮ್ಮ!" ಅಂದ ತಮ್ಮಯ್ಯ.

ಎಂಜಿನ್ನಿನ ಹೆಡ್ ಇಳಿಸಿ, ಕೆಳಗೆ ಹೊಸ ಗ್ಯಾಸ್ಕೆಟ್ ಹಾಳೆ ಹಾಕಿ, ಹೆಡ್ ಬೋಲ್ಟುಗಳನ್ನೆಲ್ಲ ದಾಕ್ಷಾಯಿಣಿಯೇ ಬಿಗಿದಾಗಿತ್ತು. ಬಿಚ್ಚಿ ಹೊಸದು ಹಾಕಲು ಉಳಿದದ್ದು ಒಂದು ನಟ್ಟು, ಅದೂ ಸೈಲೆನ್ಸರ್ ಪೈಪಿನ ಬುಡದಲ್ಲಿ, ಬಾವಿಯಂಥ ಸಂದಿಯಲ್ಲಿ. ಯಾರೋ ಪುಣ್ಯಾತ್ಮರು ಹಿಂದೆ ಹನ್ನೆರಡು ಮೂಲೆಯ ಅಗ್ಗದ ಸಾಕೆಟ್ಟು ಹಾಕಿ ಜಾರಿಸಿ, ನಟ್ಟಿನ ಮೂಲೆಗಳನ್ನೆಲ್ಲ ಸವೆಸಿದ್ದರು. ಇನ್ನು ಅದನ್ನು ಹಿಡಿಯಬೇಕಾದರೆ ಆರೇ ಮೂಲೆಯ, ಉದ್ದನೆಯ, ಗೋಡೆ ತೆಳ್ಳಗಿರುವ ಸಾಕೆಟ್ಟೇ ಆಗಬೇಕು. ಅಂಥದ್ದು ಇದ್ದದ್ದು ಅಪ್ಪನ ಪೆಟ್ಟಿಗೆಯಲ್ಲಿ ಮಾತ್ರ.

ಅಪ್ಪ ಸಾಕೆಟ್ಟು ಆರಿಸುವುದೆಂದರೆ ಮನೆಗೆ ಸೊಸೆ ಆರಿಸಿದ ಹಾಗೆ! ಬೆಂಗಳೂರಿನ ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಒಂದು ಸಾಕೆಟ್ಟಿಗೆ ಅರ್ಧ ದಿನ. ಬೆಳಕಿಗೆ ಹಿಡಿದು ಒಳಗಿನ ಮೂಲೆ ನೋಡುವರು. ಉಗುರಿನಲ್ಲಿ ಗೀರುವರು. ಆಮೇಲೆ ಅಂಗಡಿಯ ಕಲ್ಲುನೆಲದ ಮೇಲೆ ಬೀಳಿಸಿ, ಕಣ್ಣು ಮುಚ್ಚಿ ನಾದ ಕೇಳುವರು. "ಹೊಳಪು ನೋಡಿ ತಗೊಂಡ್ರೆ ಕೆಟ್ಟೆ. ಕೆಟ್ಟ ಸಾಕೆಟ್ಟು ಬಲ ಬಿದ್ದಾಗ ಬಾಯಿ ಬಿಡುತ್ತೆ, ಒಳ್ಳೇದು ಹಲ್ಲು ಕಚ್ಚುತ್ತೆ" ಅನ್ನುವರು. ಅಂಗಡಿಯವನು ಕೈಮುಗಿದು ಕಳಿಸುತ್ತಿದ್ದ.

ಅದೇ ಅಪ್ಪ ಮಗಳ ಕೆಲಸಕ್ಕೆ ಒಂದು ದಿನವೂ ಭೇಷ್ ಅಂದವರಲ್ಲ. ಅವಳು ಬಿಗಿದ ನಟ್ಟನ್ನೆಲ್ಲ ಮತ್ತೆ ತಾವೊಂದು ಸಲ, ಚೂರು ಸಡಿಲಿಸಿ ಬಿಗಿಯುವರು. ಮಾತಿಲ್ಲ, ಕತೆಯಿಲ್ಲ. ಆಮೇಲೆ ಗ್ಯಾರೇಜಿನ ನಡುವಿನ ಕಬ್ಬಿಣದ ಕಂಬಕ್ಕೆ ಪಾನಾದಿಂದ ಬಡಿಯುವರು. ಒಂದು ಟಣ್ ಅಂದರೆ ಎದುರಿನ ಮಕ್ಬೂಲನ ಹೋಟೆಲಿನಿಂದ ಮೇಸ್ತ್ರಿಗೊಂದು ಸಕ್ಕರೆ ಇಲ್ಲದ ಟೀ. ಎರಡು ಟಣ್ ಅಂದರೆ ಎರಡು ಟೀ, ಜೊತೆಯವನ ಕೆಲಸ ಒಪ್ಪಿಗೆಯಾಯಿತು ಅಂತ ಅರ್ಥ. ಹಾದಿಹೋಕ ಮೆಕಾನಿಕ್ಕುಗಳೂ ಆ ಎರಡನೇ ಟೀ ಕುಡಿದು ಹೋಗಿದ್ದರು. ದಾಕ್ಷಾಯಿಣಿ ಮಾತ್ರ ಅಷ್ಟು ವರ್ಷವೂ ಮನೆಯಿಂದ ತಂದ ಫ್ಲಾಸ್ಕಿನ ಕಾಫಿಯನ್ನೇ ಕುಡಿದಳು. ಆ ನೋವು ಅವಳೊಳಗೆ ಮುರಿದ ಮುಳ್ಳಿನ ಹಾಗೆ ಕೂತಿತ್ತು.

"ಪೆಟ್ಟಿಗೆ ತಾರೋ ಅಂದ್ರೆ!"

ಮೌನೇಶ ಕೆಮ್ಮಿದ. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಸುಮ್ಮನಾದ.

ದಾಕ್ಷಾಯಿಣಿ ತಾನೇ ಹೋಗಿ ಪೆಟ್ಟಿಗೆ ತೆಗೆದಳು. ಒಳಗೆ ಅಪ್ಪನ ನಶ್ಯದ ವಾಸನೆಯ ಹಳೆ ಬಟ್ಟೆಯೊಂದು ಬಿಟ್ಟರೆ ಏನೂ ಇರಲಿಲ್ಲ. ತಿರುಗಿ ತಮ್ಮನ ಅಂಗೈ ನೋಡಿದಳು.

"ಕರಗಿಸಿದ್ಯಾ? ಅಪ್ಪನ ಸಾಕೆಟ್ಟುಗಳನ್ನ ಕರಗಿಸಿಬಿಟ್ಯೇನೋ ಅಬ್ಬೇಪಾರಿ!"

"ಸುಮ್ನೆ ಕರಗಿಸ್ಲಿಲ್ಲ ಅಕ್ಕಾ! ಲೋಹಕ್ಕೆ ನೆನಪಿರುತ್ತೆ! ಒಂದೊಂದು ಸಲ ತಿರುವಿದಾಗಲೂ ಒಳಗೆ ಗೀರು ಬೀಳುತ್ತೆ. ಆ ಗೀರು ಅಳಿಸದ ಹಾಗೆ ಮೆತ್ತಗೆ ಬೆಸೆದಿದ್ದೀನಿ. ಅಪ್ಪನ ಕೈಯೇ ಇದರೊಳಗಿದೆ!"

"ಅಪ್ಪನ ಕೈ ನಿನ್ನ ಕಪಾಳದ ಮೇಲೆ ಇರಬೇಕಿತ್ತು!"

ಆದರೆ ಬಿಸಿಲು ಕಂಬ ದಾಟಿತ್ತು, ತಮ್ಮಯ್ಯ ಗಡಿಯಾರ ನೋಡುತ್ತಿದ್ದ, ಬೇರೆ ದಾರಿ ಇರಲಿಲ್ಲ. "ಹಾಕು, ಹಾಳಾಗಿ ಹೋಗಲಿ" ಅಂದಳು.

ಗುಂಡು ಹಲ್ಲಿಯ ಹಾಗೆ ಎಂಜಿನ್ನಿನ ಸಂದಿಗೆ ಸರಸರ ಇಳಿಯಿತು. ಬಾಯೊಳಗಿನ ಲೋಹ ಮೆಲ್ಲಗೆ ಹರಿದು, ಸವೆದ ನಟ್ಟಿಗೆ ತಕ್ಕಂತೆ ಅಂಟಿಕೊಂಡಿತು. ಕಿರ್... ಕಿರ್... ಕಿರ್... ನಟ್ಟು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು! ಹೊಸ ನಟ್ಟು ಕೊಟ್ಟರೆ ಅದನ್ನೂ ಹಾಕಿತು.

"ನೋಡ್ದ್ಯಾ? ನೋಡ್ದ್ಯಾ?" ಮೌನೇಶ ಕುಣಿದ.

ದಾಕ್ಷಾಯಿಣಿ ನೋಡಿದ್ದಳು. ಅದಕ್ಕೇ ಅವಳ ಕೈಮೇಲಿನ ರೋಮವೆಲ್ಲ ನಿಂತಿತ್ತು. ಗುಂಡು ನಟ್ಟು ಬಿಗಿದ ಮೇಲೆ ಚೂರೇ ಚೂರು ಸಡಿಲಿಸಿ, ಮತ್ತೆ ಬಿಗಿದಿತ್ತು. ಆ ಕೊನೆಯ ವರಸೆ ಯಾರದ್ದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸಂದಿಯೊಳಗಿಂದ ಡೀಸೆಲ್ಲಿನ ಜೊತೆಗೆ ಘಮ್ಮೆಂದು ನಶ್ಯದ ವಾಸನೆ ಬಂತು.

"ಸಾಕು, ಆರಿಸು ಅದನ್ನ" ಅಂದಳು. "ಸ್ವಿಚ್ಚೆಲ್ಲಿ?"

"ಸ್ವಿಚ್ಚಾ? ಅದು ಮುಂದಿನ ಮಾಡೆಲ್ಲಲ್ಲಿ ಅಂದ್ಕೊಂಡಿದ್ದೆ..."

ಗುಂಡು ಹೊರಗೆ ಬಂದು ನೆಲಕ್ಕಿಳಿಯಿತು. ಯಾರನ್ನೂ ಕೇಳದೆ ನಡುಗಂಬ ಹತ್ತಿತು. ಒಂದು ಗಳಿಗೆ ನಿಂತಿತು.

ಟಣ್!

ಹೊರಗಿಂದ ಚಪ್ಪಲಿ ಎಳೆಯುವ ಸದ್ದು ಕೇಳಿಸಿತು. ಎದುರಿನ ಹೋಟೆಲಿನಿಂದ ಮಕ್ಬೂಲ್ ಬರುತ್ತಿದ್ದ, ಕೈಯಲ್ಲಿ ಹೊಗೆಯಾಡುವ ಟೀ.

"ತಗೊಳ್ಳಿ ಮೇಸ್ತ್ರಿ, ಸಕ್ಕರೆ ಹಾಕಿಲ್ಲ..." ಅನ್ನುತ್ತಲೇ ಕಂಬದ ಹತ್ತಿರ ಬಂದವನು ಗಕ್ಕನೆ ನಿಂತ. ಹೋದ ವರ್ಷ ಅದೇ ಮೇಸ್ತ್ರಿಯ ಚಟ್ಟಕ್ಕೆ ಹೆಗಲು ಕೊಟ್ಟವನು ಅವನು. "ಯಾ ಅಲ್ಲಾ! ಕರೆದೋರು ಯಾರಮ್ಮಾ?"

ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂರಲು ಹೋದ. ಅಷ್ಟರಲ್ಲಿ ಗುಂಡು ಸ್ಟೂಲಿನ ಕೆಳಗೆ ಹೊಕ್ಕಿತ್ತು. ಕಿರ್, ಕಿರ್! ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ, ಮಕ್ಬೂಲ್ ನೆಲಕ್ಕೆ, ಟೀ ಅವನ ಪಂಚೆಗೆ!

ಅಲ್ಲಿಂದ ಶುರುವಾಯಿತು ನೋಡಿ! ಗುಂಡು ಗೋಡೆ ಹತ್ತಿತು. ಫ್ಯಾನು ತೂಗಾಡಿ ದಢಾರನೆ ಎಣ್ಣೆ ಡಬ್ಬದೊಳಗೆ ಬಿತ್ತು. ಹೊರಗೆ ನಿಂತಿದ್ದ ಮೌನೇಶನ ಸ್ಕೂಟರನ್ನು ಹೊಕ್ಕು ಹೊರಬರುವಷ್ಟರಲ್ಲಿ ಸ್ಕೂಟರು ರಾಶಿಯಾಗಿತ್ತು, ಹಾರನ್ನು ಮಾತ್ರ ಒಂದು ಸಲ ಪೀಂ ಅಂದು ಸತ್ತಿತು. ಆಮೇಲೆ ಅದು ಮೌನೇಶನ ಪ್ಯಾಂಟು, ಅಂಗಿ, ಕಿವಿ ಅಂತ ಏರತೊಡಗಿತು.

"ಅಕ್ಕಾ! ಅಕ್ಕಾ! ತಲೆ ಬಿಚ್ಚುತ್ತೆ ಕಣೇ!"

ತಲೆ ಬಿಚ್ಚಲಿಲ್ಲ. ಕನ್ನಡಕದ ಕಡ್ಡಿಗಳನ್ನು ಬಿಚ್ಚಿ, ಗಾಜನ್ನು ಅವನ ಕೈಗೇ ಬೀಳಿಸಿ ಇಳಿದು ಹೋಯಿತು.

ದಾಕ್ಷಾಯಿಣಿಗೆ ಹೊಳೆಯಿತು. "ಲೋ! ಸ್ಟೂಲು, ಫ್ಯಾನು, ಸ್ಕೂಟರು, ಕನ್ನಡಕ... ಎಲ್ಲಾ ನೀನು ಬಿಗಿದದ್ದೇ ಅಲ್ವೇನೋ? ನಿನ್ನ ಕೆಲಸಾನೇ ಹುಡುಕಿ ಹುಡುಕಿ ಬಿಚ್ಚುತ್ತಿದೆ!"

"ಬದುಕಿದ್ದಾಗ್ಲೂ ಹಿಂಗೇ ಮಾಡ್ತಿದ್ರು!" ಮೌನೇಶ ಅಳುದನಿಯಲ್ಲಿ ಅಂದ. "ಸತ್ತ ಮೇಲಾದ್ರೂ ಬಿಡಬಾರ್ದಾ?"

ತಮ್ಮಯ್ಯ ನಗಲು ಬಾಯಿ ತೆರೆದವನು ಹಾಗೇ ನಿಂತ. ಗುಂಡು ತಿರುಗಿತ್ತು. ಈಗ ಅದು ಹೆಣದ ವ್ಯಾನಿನ ಕಡೆ ನಿಧಾನವಾಗಿ ಬರುತ್ತಿತ್ತು. ಅವಸರವಿಲ್ಲ, ಊಟ ಮುಗಿಸಿ ಕೈ ಒರೆಸಿಕೊಂಡು ಅಪ್ಪ ಬರುತ್ತಿದ್ದ ಹಾಗೆ. ಬಂಪರು ಹತ್ತಿ, ಎಂಜಿನ್ನಿನ ಮೇಲೆ ಬಂದು, ಮೊದಲ ಹೆಡ್ ಬೋಲ್ಟಿನ ಮೇಲೆ ಕೂತಿತು.

ಅವು ದಾಕ್ಷಾಯಿಣಿ ಬಿಗಿದ ಬೋಲ್ಟುಗಳು.

ಅದು ಬಿಚ್ಚಿದರೆ ಮುಗಿಯಿತು. ಒಮ್ಮೆ ಅದುಮಿದ ಗ್ಯಾಸ್ಕೆಟ್ಟು ಮತ್ತೆ ಕೆಲಸಕ್ಕೆ ಬಾರದು, ಇನ್ನೊಂದು ಊರಲ್ಲೇ ಇಲ್ಲ. ಅಜ್ಜಿ ಆಸ್ಪತ್ರೆಯಲ್ಲೇ ಉಳಿಯುತ್ತಾಳೆ. 'ಮೇಸ್ತ್ರಿ ಹೋದ ಮೇಲೆ ಆ ಗ್ಯಾರೇಜು ಗ್ಯಾರೇಜಲ್ಲ' ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ವರ್ಷ ಅಪ್ಪ ಬಾಯಿಬಿಟ್ಟು ಹೇಳದೆ ಉಳಿಸಿದ್ದನ್ನು ಈ ಗುಂಡು ಹೇಳಿಬಿಡುತ್ತದೆ.

"ಹೊಡಿ ಅಕ್ಕಾ! ಸುತ್ತಿಗೆ ತಗೊಂಡು ಹೊಡಿ!" ಮೌನೇಶ ಕೂಗಿದ.

ಅವಳು ಸುತ್ತಿಗೆ ಎತ್ತಿದಳು. ಗುಂಡು ಕದಲಲಿಲ್ಲ. ನಶ್ಯದ ವಾಸನೆ ಮುಖಕ್ಕೆ ಬಡಿಯುವಷ್ಟು ಹತ್ತಿರವಿತ್ತು. ದಾಕ್ಷಾಯಿಣಿ ಸುತ್ತಿಗೆಯನ್ನು ಕೆಳಗಿಟ್ಟಳು.

"ನೋಡ್ಕೋ ಅಪ್ಪಾ" ಅಂದಳು. "ಒಂದೊಂದನ್ನೂ ನೋಡ್ಕೋ. ಸರಿ ಇಲ್ದಿದ್ರೆ ಬಿಚ್ಚು, ನಾನೇನೂ ಅನ್ನಲ್ಲ. ಆದ್ರೆ ಸರಿ ಇದ್ರೆ, ಇವತ್ತಾದ್ರೂ ಬಾಯಿ ಬಿಟ್ಟು ಹೇಳು!"

ಕಿರ್. ಗುಂಡು ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಸರಿಯಿತು. ತಡವಿತು, ಅಲುಗಿಸಿ ನೋಡಿತು, ಮುಂದೆ ಹೋಯಿತು. ಕೊನೆಯದರ ಮೇಲೆ ಕೂತು ಬಿಚ್ಚುವ ಕಡೆಗೆ ಬಲ ಹಾಕಿತು. ವ್ಯಾನು ಇಡೀ ನರಳಿತು, ಹಿಂದೆ ಖಾಲಿ ಸ್ಟ್ರೆಚರು ತಂತಾನೇ ಗಡಗಡ ಅಲುಗಿತು. ತಮ್ಮಯ್ಯ ಮನೆದೇವರ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಬೋಲ್ಟು ಕದಲಲಿಲ್ಲ.

ಗುಂಡು ಬಲ ಬಿಟ್ಟಿತು. ಚೂರು ಸಡಿಲಿಸಿ ಮತ್ತೆ ಬಿಗಿಯುತ್ತದೆಂದು ದಾಕ್ಷಾಯಿಣಿ ಕಾದಳು. ಅದನ್ನೂ ಮಾಡಲಿಲ್ಲ. ಇಳಿದು, ನೆಲ ದಾಟಿ, ಕಂಬ ಹತ್ತಿತು.

ಟಣ್!

ಅಷ್ಟೇ. ದಾಕ್ಷಾಯಿಣಿ ತಲೆ ತಗ್ಗಿಸಿದಳು. ಅಪ್ಪ ಅಪ್ಪನೇ, ಒಂದೇ ಟೀ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು, ಕಣ್ಣಿಗೆ ಏನೂ ಕಾಣಲಿಲ್ಲ.

ಟಣ್!

ಪಂಚೆ ಹಿಂಡುತ್ತಿದ್ದ ಮಕ್ಬೂಲ್ ಒಮ್ಮೆ ಕಂಬ ನೋಡಿದ, ಒಮ್ಮೆ ಅವಳನ್ನು ನೋಡಿದ, ಎದ್ದು ಓಡಿದ. ಎರಡು ಗ್ಲಾಸು ಹಿಡಿದು ಬಂದ. ಸಕ್ಕರೆ ಇಲ್ಲದ್ದನ್ನು ಕಂಬದ ಬುಡದಲ್ಲಿಟ್ಟು ದೂರ ಸರಿದು ಕೇಳಿದ: "ಮೇಸ್ತ್ರಿಗೊಂದಾಯ್ತು. ಇದು ಯಾರಿಗಮ್ಮಾ?"

"ನನಗೆ ಕಣಣ್ಣಾ" ಅಂದಳು ದಾಕ್ಷಾಯಿಣಿ. ಗ್ರೀಸು ಕೈಯಲ್ಲೇ ಗ್ಲಾಸು ಹಿಡಿದು, ಅಳುತ್ತಲೇ ಕುಡಿದಳು. ವ್ಯಾನು ಒಂದೇ ಸಲ ಕೀಲಿ ತಿರುವಿದ್ದಕ್ಕೆ ಸ್ಟಾರ್ಟಾಯಿತು. ಹೊತ್ತು ಮುಳುಗುವ ಮೊದಲೇ ಅಜ್ಜಿ ಊರು ಸೇರಿದಳು.

ಗುಂಡು ಇವತ್ತಿಗೂ ಆ ಕಂಬದ ಮೇಲೇ ಇದೆ. ಕೀಳಲು ಯಾರಿಗೂ ಧೈರ್ಯವಿಲ್ಲ. ಅಲ್ಲಿ ರಿಪೇರಿಯಾದ ಗಾಡಿಯನ್ನು ಅದು ಇಳಿದು ಬಂದು ತಡವಿ ನೋಡುತ್ತದೆ. ಎರಡನೇ ಟಣ್ ಕೇಳದೆ ಯಾವ ಡ್ರೈವರೂ ಕೀಲಿ ಮುಟ್ಟುವುದಿಲ್ಲ. ಮಕ್ಬೂಲ್ ದಿನಾ ಕಂಬದ ಬುಡದಲ್ಲಿಡುವ ಟೀಯಂತೂ ಯಾರೂ ಮುಟ್ಟದಿದ್ದರೂ ಸಂಜೆಯ ಹೊತ್ತಿಗೆ ಖಾಲಿ. ಆವಿಯಾಗುತ್ತೆ, ಅದರಲ್ಲೇನಿದೆ ಅನ್ನುತ್ತಾನೆ ಮೌನೇಶ.

ಅವನು ಮಾತ್ರ ಈಗ ದಿನಾ ಮನೆಯಿಂದ ಫ್ಲಾಸ್ಕು ತರುತ್ತಾನೆ.